ಕೊಲೆಸ್ಟ್ರಾಲ್ ಇಳಿಸಲು ಮೊಸರು, ಮೆಂತ್ಯ, ಇಸಬ್‌ಗೋಲ್: ಯಾವುದು ಮೊದಲು, ಎಷ್ಟು, ಎಲ್ಲಿ ತಪ್ಪುತ್ತದೆ

"ಮೂರು ತಿಂಗಳಿಂದ ಬರೀ ಹೊಟ್ಟೆಗೆ ಮೆಂತ್ಯದ ನೀರು ಕುಡೀತಿದೀನಿ, ಮಧ್ಯಾಹ್ನ ಮಜ್ಜಿಗೆ ತಪ್ಪಿಸಿಲ್ಲ, ಬೆಳ್ಳುಳ್ಳಿ ಬೇರೆ ತಿಂತೀನಿ. ರಿಪೋರ್ಟಲ್ಲಿ ಮಾತ್ರ ಅಷ್ಟಕ್ಕಷ್ಟೇ ಇದೆ." ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರು ಕೇಳುವುದು ಹೆಚ್ಚುಕಡಿಮೆ ಇದನ್ನೇ. ಸ್ವಲ್ಪ ಕೆದಕಿದರೆ ಉಳಿದದ್ದು ಹೊರಬೀಳುತ್ತದೆ: ನೆನೆದ ಕಾಳು ಬಾಳೆಬುಡಕ್ಕೆ ಹೋಗಿದೆ, ಮಜ್ಜಿಗೆ ಅಂದದ್ದು ಕುದಿಸಿದ ಮಜ್ಜಿಗೆಹುಳಿ, ನಾಲ್ಕು ಜನರ ಮನೆಯಲ್ಲಿ ದಿನಕ್ಕೊಂದು ಕಾಯಿ ಒಡೆಯುವುದು ನಿಂತಿಲ್ಲ, ಥೈರಾಯ್ಡ್ ಪರೀಕ್ಷೆ ಮಾಡಿಸಿಯೇ ಇಲ್ಲ.

ಆರಿಸಿಕೊಂಡ ವಸ್ತುಗಳು ಸರಿಯಾಗೇ ಇವೆ, ಕ್ರಮ ಮತ್ತು ಅಳತೆ ತಪ್ಪಿದೆ. ಕೆಳಗಿನ ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ. ಮೊದಲ ಮೂರನ್ನು ಹಾರಿಸಿ ನೇರ ಮೆಂತ್ಯಕ್ಕೆ ಕೈಹಾಕಿದವರೇ ಸೋಲುವವರಲ್ಲಿ ಹೆಚ್ಚು.

## ಎಷ್ಟು ಇಳಿದೀತು?

ಒಂದೊಂದು ಪದಾರ್ಥದ ಕೊಡುಗೆ ಚಿಕ್ಕದು. ದಿನಕ್ಕೆ 10 ಗ್ರಾಂ ಇಸಬ್‌ಗೋಲ್ ಹೊಟ್ಟು ಕೆಟ್ಟ ಕೊಲೆಸ್ಟ್ರಾಲನ್ನು, ಅಂದರೆ ಎಲ್‌ಡಿಎಲ್ ಅನ್ನು, ಶೇ. 5ರಿಂದ 10ರಷ್ಟು ಇಳಿಸಬಹುದು. ಓಟ್ಸ್ ಅಥವಾ ಬಾರ್ಲಿಯಿಂದ ಸುಮಾರು ಶೇ. 5, ದಿನಕ್ಕೊಂದು ಬಟ್ಟಲು ಬೇಯಿಸಿದ ಕಾಳಿನಿಂದ ಶೇ. 5. ಕೊಲೆಸ್ಟ್ರಾಲಿಗೆ ವೈದ್ಯರು ಬರೆದುಕೊಡುವ ಸ್ಟ್ಯಾಟಿನ್ ಮಾತ್ರೆ ಪ್ರಮಾಣಕ್ಕೆ ತಕ್ಕಂತೆ ಶೇ. 30ರಿಂದ 50 ಇಳಿಸುತ್ತದೆ.

ಎಲ್ಲವನ್ನೂ ಒಟ್ಟಿಗೆ ತಿಂದರೆ? ಕೆನಡಾದ ಟೊರಾಂಟೊದಲ್ಲಿ 2003ರಲ್ಲಿ ನಡೆದ ಪ್ರಯೋಗದಲ್ಲಿ ನಾರು, ಸೋಯಾ, ಬಾದಾಮಿ, ಸಸ್ಯಜನ್ಯ ಸ್ಟೆರಾಲ್ (ಗಿಡಗಳಲ್ಲಿರುವ, ಕೊಲೆಸ್ಟ್ರಾಲನ್ನು ಹೋಲುವ ವಸ್ತು) ಕೂಡಿಸಿದ ಊಟವನ್ನು ತಯಾರಿಸಿಯೇ ಕೊಟ್ಟಾಗ ಎಲ್‌ಡಿಎಲ್ ಒಂದು ತಿಂಗಳಲ್ಲಿ ಶೇ. 28ರಷ್ಟು ಇಳಿಯಿತು. ಅದೇ ಊಟವನ್ನು ಬರೀ ಸಲಹೆಯಾಗಿ ಕೊಟ್ಟು, ನಿಮ್ಮ ಮನೆಯಲ್ಲೇ ಮಾಡಿಕೊಳ್ಳಿ ಎಂದಾಗ ಆರು ತಿಂಗಳಿಗೆ ಇಳಿದದ್ದು ಶೇ. 13ರ ಆಸುಪಾಸು, ಆ ವರದಿ 2011ರದು. ನಮ್ಮ ನಿರೀಕ್ಷೆ ಈ ಎರಡನೆಯ ಸಂಖ್ಯೆಯ ಹತ್ತಿರ ಇರಲಿ. ಎಲ್‌ಡಿಎಲ್ 150 ಇದ್ದವರು 130ಕ್ಕೆ ಬಂದರೆ ಅಡುಗೆಮನೆ ತನ್ನ ಕೆಲಸ ಮಾಡಿದೆ ಅಂತಲೇ ಅರ್ಥ.

## ಇವರು ಅಡುಗೆಮನೆಗಿಂತ ಮೊದಲು ವೈದ್ಯರ ಹತ್ತಿರ ಹೋಗಬೇಕು

ಎಲ್‌ಡಿಎಲ್ 190 ಅಥವಾ ಅದಕ್ಕಿಂತ ಮೇಲಿದ್ದರೆ ಅದು ವಂಶವಾಹಿಯ ತೊಂದರೆ ಇರಬಹುದು. ಹಿಮ್ಮಡಿಯ ಹಿಂದಿನ ಸ್ನಾಯುರಜ್ಜುವಿನಲ್ಲಿ ಅಥವಾ ಕೈಬೆರಳ ಗೆಣ್ಣಿನ ಮೇಲೆ ಗಟ್ಟಿ ಗಂಟು, 45 ದಾಟುವ ಮೊದಲೇ ಕಣ್ಣಿನ ಕಪ್ಪುಗುಡ್ಡೆಯ ಸುತ್ತ ಬೂದುಬಿಳಿ ಉಂಗುರ, ಅಪ್ಪನಿಗೋ ಅಣ್ಣನಿಗೋ ಸಣ್ಣ ವಯಸ್ಸಲ್ಲೇ ಹೃದಯಾಘಾತ: ಈ ಮೂರರಲ್ಲಿ ಒಂದಿದ್ದರೂ ಮೆಂತ್ಯದ ಡಬ್ಬಿ ಪಕ್ಕಕ್ಕಿಡಿ.

ಈಗಾಗಲೇ ಹೃದಯಾಘಾತ, ಸ್ಟೆಂಟ್, ಪಾರ್ಶ್ವವಾಯು ಆದವರು, ಸಕ್ಕರೆ ಕಾಯಿಲೆ ಇರುವವರು ಊಟ ಬದಲಿಸಬಹುದು, ಮಾತ್ರೆ ಬಿಡುವಂತಿಲ್ಲ. ಬಸುರಿಯರಲ್ಲಿ ಕೊಲೆಸ್ಟ್ರಾಲ್ ತಾನಾಗಿ ಏರುತ್ತದೆ. ಅವರು ಇದರಲ್ಲಿ ಯಾವುದನ್ನೂ ಮದ್ದಿನಂತೆ ತೆಗೆದುಕೊಳ್ಳಬಾರದು.

## ಬೇಕಾಗುವ ಸಾಮಾನು

ಒಂದು ಡಿಜಿಟಲ್ ಅಡುಗೆ ತಕ್ಕಡಿ (ಇದು ಮುಖ್ಯ, "ಒಂದು ಚಮಚ" ಅಂದರೆ ಮನೆಗೊಂದು ಅಳತೆ), 5 ಮಿ.ಲೀ. ಟೀ ಚಮಚ, ಒಂದು ನೋಟ್‌ಬುಕ್, ಹಳೆಯ ರಕ್ತಪರೀಕ್ಷೆಯ ರಿಪೋರ್ಟುಗಳು. ಇಷ್ಟು ಸಾಕು. ಮಿಕ್ಸರಿಗೆ ಹೊಸ ಜಾರು, ತಾಮ್ರದ ಚೊಂಬು ಏನೂ ಬೇಡ.

## ಹಂತ 1: ರಿಪೋರ್ಟಿನಲ್ಲಿ ಯಾವ ಸಂಖ್ಯೆ ಹೆಚ್ಚಿದೆ ನೋಡಿ

"ನನಗೆ ಕೊಲೆಸ್ಟ್ರಾಲ್ 240" ಎಂದರೆ ಏನೂ ತಿಳಿಯುವುದಿಲ್ಲ. ಒಟ್ಟು ಕೊಲೆಸ್ಟ್ರಾಲ್, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್), ಎಲ್‌ಡಿಎಲ್, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು), ನಾಲ್ಕನ್ನೂ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ತಾರೀಖಿನ ಜೊತೆ ಬರೆಯಿರಿ.

ಅನೇಕ ಲ್ಯಾಬುಗಳು ಎಲ್‌ಡಿಎಲ್ ಅನ್ನು ಅಳೆಯುವುದಿಲ್ಲ, ಲೆಕ್ಕ ಹಾಕುತ್ತವೆ: ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆಯುತ್ತವೆ. ಒಟ್ಟು 240, ಎಚ್‌ಡಿಎಲ್ 40, ಟ್ರೈಗ್ಲಿಸರೈಡ್ 200 ಇದ್ದರೆ ಎಲ್‌ಡಿಎಲ್ 160. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ನಂಬುವಂತಿಲ್ಲ. ಆಗ ಎಲ್‌ಡಿಎಲ್ ನೇರವಾಗಿ ಅಳೆಯುವ ಪರೀಕ್ಷೆ ಕೇಳಿ.

ಹೆಚ್ಚಿರುವುದು ಎಲ್‌ಡಿಎಲ್ ಆದರೆ ಈ ಮಾರ್ಗದರ್ಶಿ ನಿಮಗೇ. ಎಲ್‌ಡಿಎಲ್ ಸುಮಾರಾಗಿದ್ದು ಟ್ರೈಗ್ಲಿಸರೈಡ್ ಮಾತ್ರ 300 ಇದ್ದರೆ ಮೆಂತ್ಯ, ಇಸಬ್‌ಗೋಲ್ ಹೆಚ್ಚೇನೂ ಮಾಡವು. ಅಲ್ಲಿ ತಪ್ಪಿತಸ್ಥರು ಬೇರೆ: ಬೆಳಿಗ್ಗೆ ಅಕ್ಕಿರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ, ನಡುವೆ ಸಕ್ಕರೆ ಹಾಕಿದ ಐದಾರು ಲೋಟ ಕಾಫಿ, ಸಂಜೆಯ ಕುಡಿತ. ಟ್ರೈಗ್ಲಿಸರೈಡ್ 500 ದಾಟಿದವರಿಗೆ ಮೇದೋಜೀರಕ ಗ್ರಂಥಿಯ ಉರಿಯೂತದ ಭಯವಿದೆ, ಮನೆಮದ್ದಿಗೆ ಕಾಯಬಾರದು.

## ಹಂತ 2: ಬೇರೆ ಕಾರಣ ಇದೆಯೇ ಎಂದು ಖಾತ್ರಿ ಮಾಡಿಕೊಳ್ಳಿ

ಥೈರಾಯ್ಡ್ ಮಂದವಾಗಿದ್ದರೆ ಎಲ್‌ಡಿಎಲ್ ಏರುತ್ತದೆ. ಮಾತ್ರೆ ಶುರುವಾಗಿ ಥೈರಾಯ್ಡ್ ಸರಿಹೋದ ಮೇಲೆ ಎಷ್ಟೋ ಜನರಲ್ಲಿ ಕೊಲೆಸ್ಟ್ರಾಲ್ ತಾನಾಗಿ ಇಳಿಯುತ್ತದೆ. ಆದ್ದರಿಂದ ಟಿಎಸ್‌ಎಚ್ ಪರೀಕ್ಷೆ ಮೊದಲು. ಜೊತೆಗೆ ಮೂರು ತಿಂಗಳ ಸರಾಸರಿ ಸಕ್ಕರೆ, ಮೂತ್ರದಲ್ಲಿ ಪ್ರೋಟೀನ್, ಲಿವರ್ ಪರೀಕ್ಷೆ. ಸ್ಟೀರಾಯ್ಡ್ ಮಾತ್ರೆ ನುಂಗುತ್ತಿರುವವರು ಅದನ್ನೂ ವೈದ್ಯರಿಗೆ ಹೇಳಿ.

ಥೈರಾಯ್ಡ್ ಮಂದವಾಗಿದ್ದೂ ಈ ಹಂತ ತಪ್ಪಿಸಿದವರ ಲಕ್ಷಣ ಹೀಗಿರುತ್ತದೆ: ಸುಸ್ತು, ಮಲಬದ್ಧತೆ, ತೂಕ ಏರಿಕೆ, ಉಳಿದವರಿಗಿಂತ ಹೆಚ್ಚು ಚಳಿ. ಮಳೆಗಾಲದ ಮಲೆನಾಡಿನಲ್ಲಿ ಚಳಿ ಯಾರಿಗಿಲ್ಲ ಅಂತ ಅದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ.

## ಹಂತ 3: ಸೇರಿಸುವ ಮುಂಚೆ ಕಳೆಯಿರಿ

ಮೊದಲ ಎರಡು ವಾರ ಏನನ್ನೂ ಹೊಸದಾಗಿ ಸೇರಿಸಬೇಡಿ. ಗಟ್ಟಿಕೊಬ್ಬಿನ, ಅಂದರೆ ಸ್ಯಾಚುರೇಟೆಡ್ ಕೊಬ್ಬಿನ, ಲೆಕ್ಕವನ್ನಷ್ಟೇ ಮಾಡಿ. ಲಿವರಿನಲ್ಲಿ ಎಲ್‌ಡಿಎಲ್ ಅನ್ನು ರಕ್ತದಿಂದ ಹಿಡಿದೆಳೆಯುವ ಗ್ರಾಹಕಗಳಿರುತ್ತವೆ. ಈ ಕೊಬ್ಬು ಅವುಗಳ ಕೆಲಸ ತಗ್ಗಿಸುತ್ತದೆ. ಕೊಲೆಸ್ಟ್ರಾಲ್ ಹೆಚ್ಚಿರುವವರಿಗೆ ದಿನಕ್ಕೆ ಸುಮಾರು 15 ಗ್ರಾಂ ಮಿತಿ.

ತೆಂಗಿನಕಾಯಿಯಲ್ಲಿ ಕೊಲೆಸ್ಟ್ರಾಲ್ ಇಲ್ಲ. ಯಾವ ಸಸ್ಯದಲ್ಲೂ ಇಲ್ಲ; ಎಣ್ಣೆ ಬಾಟಲಿಯ ಮೇಲೆ "ಕೊಲೆಸ್ಟ್ರಾಲ್ ಮುಕ್ತ" ಎಂದು ದೊಡ್ಡದಾಗಿ ಬರೆಯುವುದು ವ್ಯಾಪಾರದ ಚಮತ್ಕಾರ. ಆದರೆ 100 ಗ್ರಾಂ ಹಸಿ ತುರಿಯಲ್ಲಿ ಸುಮಾರು 30 ಗ್ರಾಂ ಗಟ್ಟಿಕೊಬ್ಬು ಇದೆ. ಸಾಧಾರಣ ಕಾಯಿಯೊಂದನ್ನು ತುರಿದರೆ 200 ಗ್ರಾಂ ಮೇಲೆಯೇ ಸಿಗುತ್ತದೆ. ನಾಲ್ಕು ಜನ ದಿನಕ್ಕೊಂದು ಕಾಯಿ ತಿಂದರೆ ತಲೆಗೆ 50 ಗ್ರಾಂ ತುರಿ, ಅಂದರೆ 15 ಗ್ರಾಂ. ತುಪ್ಪ, ಹಾಲು, ಕೊಬ್ಬರಿ ಎಣ್ಣೆ ಇನ್ನೂ ಬಾಣಲೆಗೇ ಬಿದ್ದಿಲ್ಲ, ದಿನದ ಕೋಟಾ ಮುಗಿಯಿತು! ತುರಿಯಲ್ಲಿ ನಾರೂ ಇದೆ, ಅದನ್ನು ಎಣ್ಣೆಗೆ ಸಮ ಎನ್ನಲಾರೆ. ಆದರೆ ಕೊಬ್ಬರಿ ಎಣ್ಣೆ ಉಳಿದ ಸಸ್ಯದೆಣ್ಣೆಗಳಿಗಿಂತ ಎಲ್‌ಡಿಎಲ್ ಏರಿಸುತ್ತದೆ ಎನ್ನುವುದರಲ್ಲಿ ಅನುಮಾನವಿಲ್ಲ.

ಮಾಡಬೇಕಾದದ್ದು ಇಷ್ಟು. ನಾಲ್ಕು ಜನರಿಗೆ ವಾರಕ್ಕೆ ಎರಡು, ಹೆಚ್ಚೆಂದರೆ ಮೂರು ಕಾಯಿ. ಹುಳಿ, ಪಲ್ಯಗಳಿಗೆ ಅರೆಯುವ ಕಾಯಿಯ ಅರ್ಧ ಜಾಗಕ್ಕೆ ಹುರಿಗಡಲೆ. ತುಪ್ಪ ಒಬ್ಬರಿಗೆ ದಿನಕ್ಕೆ ಒಂದು ಟೀ ಚಮಚ. ಅದರಲ್ಲೇ 3 ಗ್ರಾಂ ಗಟ್ಟಿಕೊಬ್ಬಿದೆ. ಅಡುಗೆಗೆ ಶೇಂಗಾ, ಸೂರ್ಯಕಾಂತಿ ಅಥವಾ ಎಳ್ಳೆಣ್ಣೆ, ಮೂರು ಜನರ ಮನೆಗೆ ತಿಂಗಳಿಗೆ ಎರಡು ಲೀಟರ್. ತಿಂಗಳ ಮೊದಲ ದಿನವೇ ಎರಡು ಲೀಟರ್ ತಂದು ಬೇರೆ ಇಡಿ, ಇಪ್ಪತ್ತನೇ ತಾರೀಖಿಗೆ ಖಾಲಿಯಾದರೆ ಉತ್ತರ ಅಲ್ಲೇ ಸಿಗುತ್ತದೆ. ವನಸ್ಪತಿ ಬೇಡ. ಅದರಲ್ಲಿರುವ ಟ್ರಾನ್ಸ್ ಕೊಬ್ಬಿಗೆ 2022ರಿಂದ ಶೇ. 2ರ ಮಿತಿ ಬಂದಿದೆ ನಿಜ, ಆದರೂ ಬೇಕರಿಯ ಪಫ್, ಖಾರಾ ಬಿಸ್ಕತ್ತು ಗಟ್ಟಿಕೊಬ್ಬಿನ ಮೂಟೆಗಳೇ.

ಮಾಂಸ ತಿನ್ನುವವರು ಕಡುಬಿನ ಜೊತೆ ಕೋಳಿಸಾರು ಬಿಡಬೇಕಿಲ್ಲ. ಚರ್ಮ ತೆಗೆಸಿ, ಕಾಯಿಹಾಲು ಹಾಕದೆ ಮಾಡಿ. ಹಂದಿ, ಕುರಿ ಹಬ್ಬಕ್ಕಿರಲಿ.

ಕಾಫಿಯ ಬಗ್ಗೆ ಯಾರೂ ಕೇಳುವುದಿಲ್ಲ, ಹೇಳಿದರೆ ನಂಬುವುದೂ ಇಲ್ಲ. ಪುಡಿ ಕುದಿಸಿ ಮಾಡುವ ಕಾಫಿಯ ಎಣ್ಣೆಯಂಶದಲ್ಲಿ ಕೆಫೆಸ್ಟಾಲ್ ಎಂಬ ವಸ್ತುವಿದೆ, ಅದು ಎಲ್‌ಡಿಎಲ್ ಏರಿಸುತ್ತದೆ. ಕಾಗದದ ಫಿಲ್ಟರ್ ಅದನ್ನು ಹಿಡಿದಿಡುತ್ತದೆ. ದಿನಕ್ಕೆ ಐದಾರು ಲೋಟ ಕುದಿಸಿದ ಕಾಫಿ ಕುಡಿಯುವವರು ಎರಡಕ್ಕೆ ಇಳಿಸಿ, ಅಥವಾ ಕಾಗದದಲ್ಲಿ ಸೋಸಿ.

## ಹಂತ 4: ಕರಗುವ ನಾರು, ತೂಗಿ ನೋಡಿ

ಮೂರನೇ ವಾರದಿಂದ ಇದು. ಕೆಲಸ ಹೇಗೆ ನಡೆಯುತ್ತದೆ ಅಂದರೆ, ಲಿವರ್ ಕೊಲೆಸ್ಟ್ರಾಲಿನಿಂದ ಪಿತ್ತರಸ ತಯಾರಿಸಿ ಕರುಳಿಗೆ ಬಿಡುತ್ತದೆ, ಕರುಳು ಅದರಲ್ಲಿ ಹೆಚ್ಚಿನ ಪಾಲನ್ನು ಹೀರಿ ವಾಪಸ್ ಕಳಿಸುತ್ತದೆ. ಕರಗುವ ನಾರು ಲೋಳೆಯಾಗಿ ಈ ಪಿತ್ತವನ್ನು ಹಿಡಿದುಕೊಂಡು ಮಲದಲ್ಲಿ ಹೊರಹಾಕುತ್ತದೆ. ಕೊರತೆ ತುಂಬಲು ಲಿವರ್ ರಕ್ತದಿಂದ ಮತ್ತಷ್ಟು ಎಲ್‌ಡಿಎಲ್ ಎಳೆದುಕೊಳ್ಳಲೇಬೇಕು. ಕೆಲಸ ಮಾಡುವುದು ಲೋಳೆ. ಅದು ಹೊಟ್ಟೆಗೇ ಹೋಗದಿದ್ದರೆ ಏನೂ ಆಗದು.

ನಮ್ಮ ಅಡುಗೆಮನೆಗಳು ಸೋಲುವುದು ಇಲ್ಲೇ, ಅದೂ ಒಂದೇ ಬಗೆಯಲ್ಲಿ. ಮೆಂತ್ಯ ನೆನೆಸಿ ನೀರು ಕುಡಿದು ಕಾಳು ಎಸೆಯುತ್ತೇವೆ. ಬಾರ್ಲಿ ಬೇಯಿಸಿ ತಿಳಿ ಕುಡಿದು ಚರಟ ಚೆಲ್ಲುತ್ತೇವೆ. ಹುರುಳಿ ಬೇಯಿಸಿ ಕಟ್ಟು ನಾವು ತಿಂದು ಕಾಳು ದನಕ್ಕೆ ಹಾಕುತ್ತೇವೆ. ಕೊಟ್ಟಿಗೆಯ ದನಗಳ ಕೊಲೆಸ್ಟ್ರಾಲ್ ಬಹಳ ಚೆನ್ನಾಗಿರಬೇಕು.

ಇಸಬ್‌ಗೋಲ್. ಬರೀ ಹೊಟ್ಟು ತನ್ನಿ; ಸಕ್ಕರೆ, ಬಣ್ಣ, ಪರಿಮಳ ಸೇರಿಸಿದ್ದು ಬೇಡ. ತಕ್ಕಡಿಯಲ್ಲಿ ಒಮ್ಮೆ 5 ಗ್ರಾಂ ತೂಗಿ ನಿಮ್ಮ ಮನೆಯ ಯಾವ ಚಮಚ ಎಷ್ಟು ತುಂಬುತ್ತದೆ ಎಂದು ಗುರುತಿಟ್ಟುಕೊಳ್ಳಿ. ಹೊಟ್ಟು ತೀರಾ ಹಗುರ, ಟೀ ಚಮಚದಲ್ಲಿ 2 ಗ್ರಾಂ ಹತ್ತುವುದೇ ಹೆಚ್ಚು. ಇಸಬ್‌ಗೋಲ್ ಶುರುಮಾಡಿದ ಮೊದಲ ವಾರ ರಾತ್ರಿ ಊಟಕ್ಕೆ ಮುಂಚೆ 3 ಗ್ರಾಂ. ಎರಡನೇ ವಾರ 5. ಮೂರನೇ ವಾರದಿಂದ ಮಧ್ಯಾಹ್ನ 5, ರಾತ್ರಿ 5. ಪ್ರತಿ ಸಲ ಒಂದು ದೊಡ್ಡ ಲೋಟ ನೀರಲ್ಲಿ ಕಲಸಿ, ಗಟ್ಟಿಯಾಗುವ ಮುಂಚೆಯೇ ಕುಡಿದು, ಮೇಲಿಂದ ಇನ್ನೊಂದು ಲೋಟ ನೀರು. ಒಣ ಪುಡಿಯನ್ನು ಬಾಯಿಗೆ ಹಾಕಿಕೊಂಡರೆ ಗಂಟಲಲ್ಲೇ ಉಬ್ಬಿ ಉಸಿರು ಕಟ್ಟಬಹುದು. ನುಂಗಲು ಕಷ್ಟ ಇರುವ ವಯಸ್ಸಾದವರಿಗೆ, ಹಿಂದೆ ಕರುಳು ಕಟ್ಟಿದ್ದವರಿಗೆ ಇದನ್ನು ಕೊಡಲೇಬೇಡಿ. ಮಲಗುವ ಹೊತ್ತಿಗೆ ಕುಡಿದು ಹಾಗೇ ಅಡ್ಡಾಗುವುದೂ ಬೇಡ.

ಓಟ್ಸ್, ಬಾರ್ಲಿ. ಇವುಗಳಲ್ಲಿರುವ ಬೀಟಾ ಗ್ಲೂಕನ್ ಎಂಬ ಕರಗುವ ನಾರು ದಿನಕ್ಕೆ 3 ಗ್ರಾಂ ಬೇಕು. ಅದಕ್ಕೆ 75 ಗ್ರಾಂ ಒಣ ಓಟ್ಸ್. ಅಂಗಡಿಯ ಮಸಾಲಾ ಓಟ್ಸಿನ ಸಣ್ಣ ಪೊಟ್ಟಣ ಅದರ ಅರ್ಧದಷ್ಟೂ ಇರುವುದು ಕಡಿಮೆ, ಮೇಲಿಂದ ಉಪ್ಪು. ನನ್ನ ಮಟ್ಟಿಗೆ ಬಾರ್ಲಿಯೇ ವಾಸಿ: ರಾತ್ರಿ ನೆನೆಸಿ, ಬೆಳಿಗ್ಗೆ ಕುಕ್ಕರಿನಲ್ಲಿ ಬೇಯಿಸಿ, ಸೋಸದೆ, ಗಂಜಿಯಂತೆ ಮಜ್ಜಿಗೆ ಹಾಕಿಕೊಂಡು ತಿನ್ನಬಹುದು. ಅಕ್ಕಿಗಂಜಿ ಕುಡಿದು ಬೆಳೆದವರಿಗೆ ಇದು ಅಪರಿಚಿತ ಅನ್ನಿಸುವುದಿಲ್ಲ. ಗಂಜಿ ತಣಿಯಲಿ, ಆಮೇಲೆ ಮಜ್ಜಿಗೆ.

ಕಾಳುಗಳು. ಹುರುಳಿ, ಅಲಸಂದೆ, ಹೆಸರು, ಕಡಲೆ: ಬೇಯಿಸಿದ್ದು ದಿನಕ್ಕೆ 130 ಗ್ರಾಂ, ಒಂದು ಮಧ್ಯಮ ಬಟ್ಟಲು. ಕಟ್ಟಿನ ಸಾರು ಮಾಡಿ, ಕಾಳನ್ನು ಉಸಲಿ ಮಾಡಿ ತಿನ್ನಿ. ದನಕ್ಕೆ ಹಿಂಡಿ ಇದೆ.

ಮೆಂತ್ಯ. ಇದರ ಹೆಸರು ದೊಡ್ಡದಾದದ್ದಕ್ಕೆ ಕಾರಣವಿಲ್ಲದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 1990ರ ಹೊತ್ತಿಗೆ ಸಕ್ಕರೆ ಕಾಯಿಲೆಯವರಿಗೆ ಕೊಬ್ಬು ತೆಗೆದ ಮೆಂತ್ಯಪುಡಿ ಕೊಟ್ಟಾಗ ಎಲ್‌ಡಿಎಲ್ ಇಳಿದದ್ದು ಹೌದು. ಆದರೆ ಕೊಟ್ಟದ್ದು ದಿನಕ್ಕೆ 100 ಗ್ರಾಂ! ನಾವು ನೆನೆಸುವುದು ಒಂದು ಟೀ ಚಮಚ, 4 ಗ್ರಾಂ. ಅದರಲ್ಲಿ ಕರಗುವ ನಾರು ಹೆಚ್ಚೆಂದರೆ ಒಂದು ಗ್ರಾಂ. ಹಾಗೆಂದು 100 ಗ್ರಾಂ ತಿನ್ನಲು ಹೋಗಬೇಡಿ, ಹೊಟ್ಟೆ ಕೆಡುತ್ತದೆ. ಮೆಂತ್ಯವನ್ನು ಇಸಬ್‌ಗೋಲಿನ ಮೇಲಿನ ಸೇರ್ಪಡೆ ಎಂದುಕೊಂಡು ದಿನಕ್ಕೆ 5ರಿಂದ 10 ಗ್ರಾಂ ಕಾಳನ್ನೇ ಅಗಿದು ಅಥವಾ ಅರೆದು ತಿನ್ನಿ. ಸಕ್ಕರೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಇಳಿಯಬಹುದು. ಬೆವರು, ನಡುಕ ಕಂಡರೆ ಗ್ಲೂಕೋಮೀಟರಿನಲ್ಲಿ ನೋಡಿ.

ಬಸಳೆ, ಬೆಂಡೆಕಾಯಿಗಳಲ್ಲೂ ಲೋಳೆ ಇದೆ, ಬಾಳೆದಿಂಡಿನಲ್ಲಿ ನಾರಿದೆ. ಧಾರಾಳ ತಿನ್ನಿ, ಗ್ರಾಂ ಲೆಕ್ಕದಲ್ಲಿ ಮಾತ್ರ ಹಿಡಿಯಬೇಡಿ.

## ಹಂತ 5: ಮೊಸರು ಜೀವಂತ ಇರಬೇಕು

ಪ್ರೊಬಯಾಟಿಕ್ ಅಂದರೆ ಸಾಕಷ್ಟು ಸಂಖ್ಯೆಯಲ್ಲಿ ಜೀವಂತವಾಗಿ ಹೊಟ್ಟೆ ಸೇರಿ ಉಪಕಾರ ಮಾಡುವ ಸೂಕ್ಷ್ಮಾಣು. ಇವುಗಳಲ್ಲಿ ಕೆಲವಕ್ಕೆ ಪಿತ್ತದ ಲವಣವನ್ನು ಒಡೆಯುವ ಕಿಣ್ವವಿದೆ. ಒಡೆದ ಪಿತ್ತವನ್ನು ಕರುಳು ಸರಿಯಾಗಿ ಹೀರಿಕೊಳ್ಳುವುದಿಲ್ಲ, ಅದು ಹೊರಹೋಗುತ್ತದೆ. ಮುಂದಿನ ಕಥೆ ನಾರಿನದೇ.

ಕೆನಡಾದ ಸಂಶೋಧಕರು 2012ರ ಸುಮಾರಿಗೆ ಲ್ಯಾಕ್ಟೋಬ್ಯಾಸಿಲಸ್ ರೂಟೆರಿ ಎಂಬ ಸೂಕ್ಷ್ಮಾಣುವಿನ ಒಂದು ನಿರ್ದಿಷ್ಟ ತಳಿಯನ್ನು ಕೊಟ್ಟಾಗ ಎಲ್‌ಡಿಎಲ್ ಶೇ. 10ರ ಆಸುಪಾಸು ಇಳಿಯಿತು. ಗಮನಿಸಿ, ಒಂದು ನಿರ್ದಿಷ್ಟ ತಳಿ. ನಿಮ್ಮ ಮನೆಯ ಹೆಪ್ಪಿನಲ್ಲಿ ಯಾವ ತಳಿ ಇದೆಯೋ ಅದು ಹೆಪ್ಪಿಗೇ ಗೊತ್ತು. ಹಾಗಾಗಿ ಮೊಸರಿನಿಂದ ಸಣ್ಣ ಇಳಿಕೆ ಬಂದರೆ ಬಂತು, ಬಾರದಿದ್ದರೂ ತುಪ್ಪ, ಕಾಯಿಹಾಲಿನ ಜಾಗದಲ್ಲಿ ಅದು ಕೂತರೆ ಲಾಭವೇ. ಔಷಧದಂಗಡಿಯಲ್ಲಿ ಭೇದಿಗೆ ಕೊಡುವ ಪ್ರೊಬಯಾಟಿಕ್ ಕ್ಯಾಪ್ಸೂಲು ಕೊಲೆಸ್ಟ್ರಾಲಿಗೆ ಅಲ್ಲ, ಆ ದುಡ್ಡು ಉಳಿಸಿ.

ಮಾಡುವ ಕ್ರಮ: ಹಾಲು ಕಾಯಿಸಿ, ಆರಿಸಿ, ಫ್ರಿಜ್ಜಿನಲ್ಲಿಟ್ಟು ಮರುದಿನ ಕೆನೆ ಪೂರ್ತಿ ತೆಗೆಯಿರಿ. ಪ್ಯಾಕೆಟ್ ಹಾಲಾದರೆ ಟೋನ್ಡ್ ಹಾಲಿನಲ್ಲಿ ಶೇ. 3, ಡಬಲ್ ಟೋನ್ಡ್‌ನಲ್ಲಿ ಶೇ. 1.5 ಕೊಬ್ಬು, ಎರಡನೆಯದು ತನ್ನಿ. ಕೆನೆ ತೆಗೆದ ಹಾಲನ್ನು ಮತ್ತೆ ಉಗುರುಬೆಚ್ಚಗೆ ಮಾಡಿ. ತೊಳೆದ ಬೆರಳು ಅದ್ದಿ ಹತ್ತು ಎಣಿಸುವಷ್ಟು ಹೊತ್ತು ಹಾಯಾಗಿ ಇಡಲಾದರೆ ಅದು ಸರಿಯಾದ ಬಿಸಿ. ಅರ್ಧ ಲೀಟರಿಗೆ ಒಂದು ಟೀ ಚಮಚ ಹೆಪ್ಪು, ಚೆನ್ನಾಗಿ ಕದಡಿ. ಆಷಾಢದ ಚಳಿಯಲ್ಲಿ ಎಂಟು ಗಂಟೆಗೆ ಕಟ್ಟುವುದಿಲ್ಲ: ಪಾತ್ರೆಯನ್ನು ಉಣ್ಣೆ ಬಟ್ಟೆ ಸುತ್ತಿ ಒಲೆಕಟ್ಟೆಯ ಮೇಲೆ, ಒಲೆ ಇಲ್ಲದ ಮನೆಯಲ್ಲಿ ಮುಚ್ಚಳ ಹಾಕಿದ ದೊಡ್ಡ ಡಬ್ಬಿಯೊಳಗೆ ಬಿಸಿನೀರ ಬಾಟಲಿಯ ಪಕ್ಕ ಇಡಿ. ಹನ್ನೆರಡು ಗಂಟೆ ಆದರೂ ಪರವಾಗಿಲ್ಲ. ಕಟ್ಟಿದೊಡನೆ ಫ್ರಿಜ್ಜಿಗೆ.

ಕೆಟ್ಟದ್ದರ ಗುರುತು: ಮೇಲೆ ಗುಲಾಬಿ, ಕಿತ್ತಳೆ ಅಥವಾ ಹಸಿರು ಚುಕ್ಕೆ, ಚಮಚ ಎತ್ತಿದರೆ ನೂಲಿನಂತೆ ಎಳೆ, ಹೆಂಡದ ವಾಸನೆ, ಗುಳ್ಳೆ ಗುಳ್ಳೆ. ಮೇಲ್ಪದರ ಕೆರೆದು ತಿನ್ನುವ ಕೆಲಸ ಬೇಡ, ಪೂರ್ತಿ ಚೆಲ್ಲಿ ಬೇರೆ ಮನೆಯಿಂದ ಹೆಪ್ಪು ತನ್ನಿ.

ದಿನಕ್ಕೆ 200 ಗ್ರಾಂ ಮೊಸರು ಅಥವಾ ಅದರಿಂದ ಮಾಡಿದ ಮಜ್ಜಿಗೆ ಸಾಕು. ಕುದಿಸಿದರೆ ಲೆಕ್ಕವಿಲ್ಲ: ಮಜ್ಜಿಗೆಹುಳಿ ರುಚಿಗೆ, ಸೂಕ್ಷ್ಮಾಣುವಿಗಲ್ಲ. ದೋಸೆ, ಇಡ್ಲಿ ಹಿಟ್ಟಿನಲ್ಲಿದ್ದವು ಕಾವಲಿ ಮೇಲೆ, ಹಬೆಯಲ್ಲಿ ಸಾಯುತ್ತವೆ. ಅಪ್ಪೆಮಿಡಿ ಉಪ್ಪಿನಕಾಯಿಯನ್ನೂ ಕೆಲವರು ಪ್ರೊಬಯಾಟಿಕ್ ಎನ್ನಲು ಶುರುಮಾಡಿದ್ದಾರೆ. ಅಷ್ಟು ಉಪ್ಪಿನಲ್ಲಿ ಬಿಪಿ ಏರಿಸಿಕೊಳ್ಳುವುದಷ್ಟೇ ಬಂತು. ಮಜ್ಜಿಗೆಗೂ ಉಪ್ಪು ಚಿಟಿಕೆ ಮಾತ್ರ. ಕೀಮೋಥೆರಪಿಯಲ್ಲಿರುವವರು, ಅಂಗ ಕಸಿ ಆದವರು ಮನೆಯ ಹೆಪ್ಪಿನ ಮೊಸರಿಗೆ ಮುಂಚೆ ವೈದ್ಯರನ್ನು ಕೇಳಿ.

## ಹಂತ 6: ತಂಬುಳಿ, ಒಲೆಯ ಮೇಲಿಡದೆ

ಜೀವಂತ ಮಜ್ಜಿಗೆಯೂ ಸೊಪ್ಪೂ ಕಾಳೂ ಒಟ್ಟಿಗೆ ಹೊಟ್ಟೆ ಸೇರುವ ಪದಾರ್ಥ ನಮ್ಮಲ್ಲಿ ಮೊದಲೇ ಇದೆ. ಆದರೆ ಇಲ್ಲೂ ಎರಡು ಕಡೆ ತಪ್ಪುತ್ತದೆ: ಕಾಯಿ ಹೆಚ್ಚಾಗುತ್ತದೆ, ಬಿಸಿ ಇರುವಾಗಲೇ ಮಜ್ಜಿಗೆ ಬೀಳುತ್ತದೆ.

ಇಬ್ಬರಿಗೆ ಮೆಂತ್ಯ ತಂಬುಳಿ: ಎರಡು ಟೀ ಚಮಚ ಮೆಂತ್ಯ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸನ್ನು ಅರ್ಧ ಚಮಚ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ. ಮೆಂತ್ಯ ಹೊಂಬಣ್ಣಕ್ಕೆ ತಿರುಗಿ ಘಮ ಬಂದಾಗಲೇ ಇಳಿಸಬೇಕು. ಕಂದುಗೆಂಪಾಯಿತೋ, ಕಹಿ ನಾಲಿಗೆ ಬಿಡುವುದಿಲ್ಲ. ಒಂದು ದೊಡ್ಡ ಚಮಚ ಕಾಯಿತುರಿ, ಒಂದು ಚಮಚ ಹುರಿಗಡಲೆ ಸೇರಿಸಿ ನುಣ್ಣಗೆ ಅರೆಯಿರಿ. ಮಿಕ್ಸರಿನ ಜಾರಿನಲ್ಲಿ ಅರೆದದ್ದು ಬಿಸಿಯಾಗಿರುತ್ತದೆ, ಹತ್ತು ನಿಮಿಷ ಬಿಡಿ. ಆಮೇಲೆ ಎರಡು ಲೋಟ ಮಜ್ಜಿಗೆ. ಒಗ್ಗರಣೆಯನ್ನೂ ತಣಿಸಿಯೇ ಹಾಕಿ. ಹುರಿಗಡಲೆ ಹಾಕಿದ್ದಕ್ಕೆ ಮನೆಯ ಹಿರಿಯರು ಮೂಗು ಮುರಿಯಬಹುದು, ಮುರಿಯಲಿ.

ಒಂದೆಲಗ, ದೊಡ್ಡಪತ್ರೆ, ನೆಲ್ಲಿಕಾಯಿ, ಪೇರಲೆ ಕುಡಿ, ಯಾವುದರದ್ದೂ ಇದೇ ಲೆಕ್ಕ. ಇವು ಎಲ್‌ಡಿಎಲ್ ಇಷ್ಟು ಇಳಿಸುತ್ತವೆ ಎಂದು ನಾನು ಹೇಳುವುದಿಲ್ಲ. ವಾರದ ಏಳೂ ದಿನ ಬೇಸರವಿಲ್ಲದೆ ಮಜ್ಜಿಗೆ ಒಳಗೆ ಹೋಗಲು ಇವು ದಾರಿ. ಒಂದೆಲಗವನ್ನು ಚರಂಡಿ ಪಕ್ಕದಿಂದ ಕೀಳಬೇಡಿ. ಗುರುತು ಖಚಿತವಿಲ್ಲದ ಕಾಡಿನ ಕುಡಿಯನ್ನು ಅರೆಯಬೇಡಿ.

ಅನ್ನದ ಪಾಲು ಮಾತ್ರ ನೋಡಿಕೊಳ್ಳಿ. ತಂಬುಳಿ ಚೆನ್ನಾಗಾದ ದಿನ ಅನ್ನ ಎರಡು ಸಲ ಬಡಿಸಿಕೊಳ್ಳುವುದು ಎಲ್ಲರ ಮನೆಯಲ್ಲೂ ಉಂಟು.

## ಹಂತ 7: ಉಳಿದ ಗಿಡಮೂಲಿಕೆಗಳಲ್ಲಿ ಯಾವುದು ಬೇಕು, ಯಾವುದು ಬೇಡ

ಬೆಳ್ಳುಳ್ಳಿ ಸ್ವಲ್ಪ ಇಳಿಸುತ್ತದೆ, ಊಟದಲ್ಲಿ ಇರಲಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದವರು ಎಸಳುಗಟ್ಟಲೆ ಹಸಿ ಬೆಳ್ಳುಳ್ಳಿ ತಿನ್ನಬಾರದು. ಅಗಸೆ ದಿನಕ್ಕೆ ಒಂದು ದೊಡ್ಡ ಚಮಚ, ಹುರಿದು ಪುಡಿಮಾಡಿ. ಇಡೀ ಕಾಳು ನುಂಗಿದರೆ ಹಾಗೇ ಹೊರಬರುತ್ತದೆ.

ಗುಗ್ಗುಲು ಬೇಡ. ಅಮೆರಿಕದಲ್ಲಿ 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಗುಗ್ಗುಲು ಸಾರ ತೆಗೆದುಕೊಂಡವರ ಎಲ್‌ಡಿಎಲ್ ಇಳಿಯುವ ಬದಲು ತುಸು ಏರಿತು, ಕೆಲವರಿಗೆ ಮೈಮೇಲೆ ದದ್ದು ಎದ್ದಿತು. ಹೊಳೆಮತ್ತಿ ಚಕ್ಕೆಯ ಕಷಾಯವನ್ನು ಎಲ್‌ಡಿಎಲ್‌ಗಾಗಿ ನೆಚ್ಚಿ ಕೂರುವಷ್ಟು ಆಧಾರವಿಲ್ಲ.

ಉಪ್ಪಾಗೆ, ಮುರುಗಲು ನಮ್ಮ ಕಾಡಿನವೇ. ಸಾರಿಗೆ ಹುಳಿಯಾಗಿ, ಪಾನಕವಾಗಿ ಬಳಸಿ. ಅವುಗಳ ಸಾರದ ಕ್ಯಾಪ್ಸೂಲ್, "ಗಾರ್ಸೀನಿಯಾ" ಹೆಸರಿನಲ್ಲಿ ತೂಕ ಇಳಿಸಲು ಮಾರುವುದು, ಬೇರೆಯೇ ಮಾತು. ಅಂಥವನ್ನು ತಿಂದವರಲ್ಲಿ ಲಿವರ್ ಕೆಟ್ಟ ಪ್ರಕರಣಗಳು ವರದಿಯಾಗಿವೆ.

ಕೆಂಪು ಯೀಸ್ಟ್ ಅಕ್ಕಿಯ ಮಾತ್ರೆ "ಗಿಡಮೂಲಿಕೆ" ಅಲ್ಲ. ಅದರಲ್ಲಿರುವ ಮೊನಾಕೊಲಿನ್ ಕೆ ಅಂದರೆ ಲೊವಾಸ್ಟ್ಯಾಟಿನ್, ಅಂದರೆ ಸ್ಟ್ಯಾಟಿನ್ನೇ, ಪ್ರಮಾಣ ಗೊತ್ತಿಲ್ಲದ ಸ್ಟ್ಯಾಟಿನ್. ಸೋರೆಕಾಯಿ ರಸ ಕುಡಿಯುವವರು ಮೊದಲು ಒಂದು ಚೂರು ನಾಲಿಗೆಗೆ ತಾಗಿಸಿ ನೋಡಿ. ಕಹಿ ಇದ್ದರೆ ಇಡೀ ಕಾಯಿ ಎಸೆಯಿರಿ. ಕಹಿ ಸೋರೆ ರಸ ಕುಡಿದು ರಕ್ತವಾಂತಿಯಾಗಿ ಸತ್ತವರಿದ್ದಾರೆ. ಹೆಸರಿಲ್ಲದ, ಪಟ್ಟಿಯಿಲ್ಲದ "ಬ್ಲಾಕೇಜ್ ಕರಗಿಸುವ" ಪುಡಿಯ ಬಗ್ಗೆ ಬರೆಯುವುದಕ್ಕೇನೂ ಇಲ್ಲ.

## ಹಂತ 8: ಮಾತ್ರೆಯ ಜೊತೆ ಹೊಂದಿಸುವುದು

ಇಸಬ್‌ಗೋಲ್ ಮಾತ್ರೆಗಳನ್ನೂ ಹಿಡಿದುಕೊಳ್ಳುತ್ತದೆ. ಯಾವುದೇ ಮಾತ್ರೆಗೂ ಅದಕ್ಕೂ ಕನಿಷ್ಠ ಎರಡು ಗಂಟೆ ಅಂತರ, ಥೈರಾಯ್ಡ್ ಮಾತ್ರೆಗೆ ನಾಲ್ಕು ಗಂಟೆ. ಬೆಳಿಗ್ಗೆ ಏಳುತ್ತಲೇ ಥೈರಾಯ್ಡ್ ಮಾತ್ರೆ ನುಂಗಿ ಅರ್ಧ ಗಂಟೆಗೆ ಮೆಂತ್ಯದ ನೀರು, ಇಸಬ್‌ಗೋಲ್ ಎಂದರೆ ಮಾತ್ರೆ ವ್ಯರ್ಥ. ಅದಕ್ಕೇ ಮೇಲೆ ಮಧ್ಯಾಹ್ನ ಮತ್ತು ರಾತ್ರಿ ಎಂದು ಬರೆದದ್ದು.

ಹಿತ್ತಲಲ್ಲಿ ಚಕ್ಕೋತ ಇರುವವರು ಗಮನಿಸಿ: ಅಟೊರ್ವಾಸ್ಟ್ಯಾಟಿನ್, ಸಿಮ್ವಾಸ್ಟ್ಯಾಟಿನ್ ನುಂಗುವವರಲ್ಲಿ ದ್ರಾಕ್ಷಿಹಣ್ಣಲ್ಲ, ಗ್ರೇಪ್‌ಫ್ರೂಟ್ ಎಂಬ ದೊಡ್ಡ ನಿಂಬೆ ಜಾತಿಯ ಹಣ್ಣು ಔಷಧದ ಮಟ್ಟ ಏರಿಸುತ್ತದೆ. ಚಕ್ಕೋತ ಅದರ ಹತ್ತಿರದ ನೆಂಟ. ತಿನ್ನುವ ಮುಂಚೆ ವೈದ್ಯರನ್ನು ಕೇಳಿ.

ಸಂಖ್ಯೆ ಇಳಿಯಿತು ಎಂದು ಸ್ಟ್ಯಾಟಿನ್ ನೀವಾಗಿ ನಿಲ್ಲಿಸಬೇಡಿ. ಇಳಿದದ್ದು ಹೆಚ್ಚಿನ ಪಾಲು ಅದರಿಂದಲೇ. ನಿಲ್ಲಿಸಿದ ಕೆಲವೇ ವಾರಗಳಲ್ಲಿ ವಾಪಸ್ ಏರುತ್ತದೆ.

## ಅಪಾಯದ ಗುರುತುಗಳು

ಹೊಟ್ಟೆ ಉಬ್ಬರ, ಗ್ಯಾಸ್ ಮೊದಲ ಹತ್ತು ದಿನ ಸಹಜ. ಇಸಬ್‌ಗೋಲ್ ಅರ್ಧ ಮಾಡಿ, ನೀರು ಹೆಚ್ಚಿಸಿ. ಹೊಟ್ಟೆ ಕಲ್ಲಿನಂತಾಗಿ ಗಾಳಿಯೂ ಹೋಗದೆ ವಾಂತಿ ಶುರುವಾದರೆ ಅದು ಗ್ಯಾಸ್ ಅಲ್ಲ, ಆಸ್ಪತ್ರೆಗೆ ಹೋಗಿ. ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ, ತೊಡೆ ಮತ್ತು ಭುಜದ ಮಾಂಸಖಂಡ ಕಾರಣವಿಲ್ಲದೆ ನೋಯತೊಡಗಿದರೆ ಪುಡಿ, ಕಷಾಯ ಎಲ್ಲ ನಿಲ್ಲಿಸಿ, ಪೊಟ್ಟಣದ ಸಮೇತ ವೈದ್ಯರಿಗೆ ತೋರಿಸಿ.

ಎದೆ ಹಿಂಡಿದಂತೆ, ಎಡಗೈ ಅಥವಾ ದವಡೆಗೆ ಹರಿಯುವ ನೋವು, ತಣ್ಣನೆ ಬೆವರು, ಏದುಸಿರು: ಇವುಗಳಿಗೆ ಜೀರಿಗೆ ಕಷಾಯ ಕಾಯಿಸುತ್ತ ಕೂರಬೇಡಿ. "ಅಪ್ಪಯ್ಯಂಗೆ ಗ್ಯಾಸ್ಟ್ರಿಕ್ ಆಗಿರ್ಬೇಕು, ಬೆಳಿಗ್ಗೆ ನೋಡೋಣ" ಎನ್ನುವ ಮಾತಿನಲ್ಲಿ ಕಳೆದುಹೋಗುವ ಹೊತ್ತು ವಾಪಸ್ ಬಾರದು. 108ಕ್ಕೆ ಕರೆ ಮಾಡಿ. ಘಟ್ಟದ ಅಂಚಿನ ಊರಿನವರು ಶಿವಮೊಗ್ಗದ ತನಕ ಬಂದೇ ತೋರಿಸುತ್ತೇವೆ ಎನ್ನದೆ ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲೇ ಮೊದಲು ಇಸಿಜಿ ಮಾಡಿಸಿ.

## ಹಂತ 9: ಮರುಪರೀಕ್ಷೆ

ಇಸಬ್‌ಗೋಲ್ ಪೂರ್ತಿ ಪ್ರಮಾಣಕ್ಕೆ ಬಂದ ಮೇಲೆ ಎಂಟರಿಂದ ಹನ್ನೆರಡು ವಾರ ಕಾಯಿರಿ. ಮೂರು ವಾರಕ್ಕೆ ಮಾಡಿಸಿ ನಿರಾಶರಾಗಬೇಡಿ. ಅದೇ ಲ್ಯಾಬು, ಅದೇ ಹನ್ನೆರಡು ಗಂಟೆಯ ಉಪವಾಸ. ಹಿಂದಿನ ರಾತ್ರಿ ಮದುವೆ ಊಟ, ಕುಡಿತ ಬೇಡ. ಜ್ವರ ಬಂದು ಹೋದ ಹೊಸದರಲ್ಲಿ ಎಲ್‌ಡಿಎಲ್ ಸುಳ್ಳೇ ಕಡಿಮೆ ಕಾಣುತ್ತದೆ, ಒಂದೆರಡು ತಿಂಗಳು ಬಿಟ್ಟು ಮಾಡಿಸಿ.

ಏನೂ ಬದಲಿಸದಿದ್ದರೂ ಎಲ್‌ಡಿಎಲ್ ದಿನದಿಂದ ದಿನಕ್ಕೆ ಶೇ. 5ರಿಂದ 10ರಷ್ಟು ಏರಿಳಿಯುತ್ತದೆ. 160 ಇದ್ದದ್ದು 152 ಆದರೆ ಕುಣಿಯುವುದೂ ಬೇಡ, 166 ಆದರೆ ಅಳುವುದೂ ಬೇಡ. 140ಕ್ಕೆ ಬಂದಿದ್ದರೆ ಇಳಿಕೆ ನಿಜ. ಹೀಗೇ ಮುಂದುವರಿಸಿ, ಆರು ತಿಂಗಳಿಗೆ ಮತ್ತೊಮ್ಮೆ ನೋಡಿ.

ಇಳಿಯದಿದ್ದರೆ ನೋಟ್‌ಬುಕ್ ತೆರೆದು ಮೂರನೇ ಹಂತದಿಂದ ನೋಡಿ: ತಿಂಗಳಿಗೆ ಎಷ್ಟು ಕಾಯಿ, ಎಷ್ಟು ಎಣ್ಣೆ, ಇಸಬ್‌ಗೋಲ್ ನಿಜವಾಗಿ 10 ಗ್ರಾಂ ಇತ್ತೇ. ಎಲ್ಲ ಸರಿಯಿದ್ದೂ ಸಂಖ್ಯೆ ಅಲ್ಲಾಡದಿದ್ದರೆ ಅದು ನಿಮ್ಮ ಲಿವರಿನ ಹುಟ್ಟುಗುಣ, ನಿಮ್ಮ ಸೋಮಾರಿತನ ಅಲ್ಲ. ಆಗ ಹಳೆಯ ಮತ್ತು ಹೊಸ ರಿಪೋರ್ಟು, ನೋಟ್‌ಬುಕ್ ಹಿಡಿದು ವೈದ್ಯರ ಬಳಿ ಹೋಗಿ ಎರಡು ಪ್ರಶ್ನೆ ಕೇಳಿ: ಒಮ್ಮೆ ಲಿಪೊಪ್ರೋಟೀನ್ ಎ ಪರೀಕ್ಷೆ ಮಾಡಿಸಬೇಕೇ (ಎಲ್‌ಡಿಎಲ್‌ನಂಥದೇ ಇನ್ನೊಂದು ಕಣ ಇದು; ನಮ್ಮ ಜನರಲ್ಲಿ ಹೆಚ್ಚಿರುವುದು ಅಪರೂಪವಲ್ಲ, ಊಟದಿಂದ ಇಳಿಯುವುದೂ ಇಲ್ಲ), ಮತ್ತು ನನಗೆ ಎಲ್‌ಡಿಎಲ್ ಎಷ್ಟಕ್ಕೆ ಬರಬೇಕು. ಹೃದಯದ ತೊಂದರೆ ಇಲ್ಲದವರಿಗೆ 100ರ ಒಳಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ 70ಕ್ಕಿಂತ ಕಡಿಮೆ, ಕೆಲವರಿಗೆ ಇನ್ನೂ ಕೆಳಗೆ ಎನ್ನುತ್ತಾರೆ. ಹೇಳಿದ ಸಂಖ್ಯೆಯನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ, ಹಳೆಯ ಎಲ್‌ಡಿಎಲ್ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ.